ಮಾಮಾನ ಸೂಜಿ ಪ್ರಕರಣ

ನನ್ನ ಸೋದರಮಾವ ತಮ್ಮ ಇಡೀ ಆಯುಷ್ಯದಲ್ಲಿ ಯಾರನ್ನೂ ಕೇಳದೆ ಮಾಡಿದ ಕೆಲಸ ಒಂದೇ ಒಂದು: ಹುಟ್ಟಿದ್ದು. ಅದನ್ನೂ ಹತ್ತು ದಿನ ತಡಮಾಡಿದರಂತೆ! "ಒಳಗ ಕುಂತು ಯಾರನ್ನ ಕೇಳಾಕತ್ತಿದ್ದನೋ ಏನೋ" ಎಂದು ಅವರ ಅಕ್ಕ, ಅಂದರೆ ನನ್ನ ಅವ್ವ, ಈಗಲೂ ನಗುತ್ತಾಳೆ.

ನಾವೆಲ್ಲ ಅವರನ್ನು ಮಾಮಾ ಎನ್ನುತ್ತೇವೆ. ಮೂವತ್ತು ವರ್ಷ ಕೃಷ್ಣೆಯ ಕಾಲುವೆಯ ಮೇಲೆ ಗೇಟು ಏರಿಸಿ ಇಳಿಸುವ ಕೆಲಸ ಮಾಡಿದವರು. ಆ ಕೆಲಸಕ್ಕೆ ಅವರಷ್ಟು ತಕ್ಕವರು ಇನ್ನೊಬ್ಬರಿರಲಿಲ್ಲ. ಎಷ್ಟು ಏರಿಸಬೇಕು, ಯಾವಾಗ ಇಳಿಸಬೇಕು ಎಲ್ಲವನ್ನೂ ಮೇಲಿನವರು ಫೋನಿನಲ್ಲಿ ಹೇಳುತ್ತಿದ್ದರು. ಮಾಮಾ "ಹೌದ್ರಿ ಸಾಹೇಬ್ರ" ಅಂದರೆ ಆಯಿತು. ತೊಂದರೆ ಶುರುವಾದದ್ದು ಅವರು ನಿವೃತ್ತರಾಗಿ ಶಹಾಪುರದ ನಮ್ಮ ಮನೆಯ ಮುಂದಿನ ಕೋಣೆಗೆ ಬಂದ ಮೇಲೆ. ಇಲ್ಲಿ ಫೋನ್ ಮಾಡಿ ಹೇಳುವ ಸಾಹೇಬರು ಎಲ್ಲಿ?

ಒಮ್ಮೆ ಒಂದು ಜೊತೆ ಚಪ್ಪಲಿ ತರಲು ಸುರಪುರಕ್ಕೆ ಹೋದರು. ಶಹಾಪುರದಲ್ಲಿ ಚಪ್ಪಲಿ ಸಿಗುವುದಿಲ್ಲವೇ? ಸಿಗುತ್ತದೆ. ಆದರೆ ಸುರಪುರದಲ್ಲಿ ಅವರಿಗೆ ಪರಿಚಯದವರು ಹೆಚ್ಚು, ಕೇಳುವುದಕ್ಕೆ ಅನುಕೂಲ! ಕರಿಯದು ತಗೊಳ್ಳಲೋ ಕಂದು ತಗೊಳ್ಳಲೋ ಎಂದು ಅಂಗಡಿಯವರನ್ನು ಕೇಳಿದರು, ಗಿರಾಕಿಗಳನ್ನು ಕೇಳಿದರು, ರಸ್ತೆಯಲ್ಲಿ ಹೋಗುತ್ತಿದ್ದ ಹಳೇ ಮೇಷ್ಟ್ರೊಬ್ಬರನ್ನು ಕೂಗಿ ಕರೆದು ಕೇಳಿದರು. ಸಂಜೆ ಬರಿಗೈಯಲ್ಲಿ ಬಂದರು. ಬರಿಗಾಲಲ್ಲಿ ಕೂಡ! ಚರ್ಚೆಯ ಭರದಲ್ಲಿ, ಹಾಕಿಕೊಂಡು ಹೋಗಿದ್ದ ಹಳೆಯ ಜೋಡನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದರು.

ಇಂಥವರಿಗೆ ದೇವರು ಸಂಧಿವಾತ ಕೊಟ್ಟ. ಬೆಳಿಗ್ಗೆ ಎದ್ದರೆ ಬೆರಳುಗಳೆಲ್ಲ ಬಾತು, ಚಹದ ಕಪ್ಪು ಹಿಡಿಯಲೂ ಬಾರದು. ಯಾದಗಿರಿಯ ಡಾಕ್ಟರಮ್ಮ ದಿನಕ್ಕೊಂದು ಸ್ಟಿರಾಯ್ಡ್ ಗುಳಿಗೆ ಬರೆದುಕೊಟ್ಟರು. ಅದನ್ನು ನುಂಗಲು ಹಿಡಿದು ವರ್ಷಗಳೇ ಆದವು. ನೋವು ಇಳಿಯಿತು, ಮುಖ ಊದಿ ಗುಂಡಗಾಯಿತು. ದಾರಿಯಲ್ಲಿ ಸಿಕ್ಕವರು "ಅಕ್ಕನ ಮನಿ ರೊಟ್ಟಿ ಮೈಗೆ ಹತ್ಯಾವ ಬಿಡ್ರಿ" ಎನ್ನತೊಡಗಿದರು. ಗುಳಿಗೆಗೆ ಹಸಿವೂ ಜಾಸ್ತಿ. ಅವ್ವ ಐದನೇ ರೊಟ್ಟಿ ಹಾಕುತ್ತ ಹುಬ್ಬೇರಿಸಿದರೆ ಮಾಮಾ ಅತ್ಯಂತ ದೀನರಾಗಿ ಹೇಳುತ್ತಿದ್ದರು: "ನಾ ತಿನ್ನಾಕತ್ತಿಲ್ಲಕ್ಕಾ, ಗುಳಿಗಿ ತಿನ್ನಾಕತ್ತದ."

ಹೀಗಿರುವಾಗ ಕೊರೊನಾ ಬಂತು, ಅದರ ಹಿಂದೆಯೇ ಲಸಿಕೆಯೂ ಬಂತು. ಊರವರೆಲ್ಲ ಹೆದರುತ್ತಲೋ ನಗುತ್ತಲೋ ಹೋಗಿ ಮಾಡಿಸಿಕೊಂಡು ಬಂದರು. ಮಾಮಾ ಮಾತ್ರ ಕೂತರು. ಕೂತದ್ದಕ್ಕೆ ಕಾರಣವೂ ಇತ್ತು. ಸುರಪುರದ ಅವರ ಹಳೆಯ ಜೊತೆಗಾರರೊಬ್ಬರು ಮೊಬೈಲಿನಲ್ಲಿ ಏನೋ ಓದಿ ಅವರ ತಲೆಯಲ್ಲಿ ಹುಳ ಬಿಟ್ಟಿದ್ದರು.

"ನೋಡವ್ವಾ" ಎಂದು ಮಾಮಾ ನನಗೆ ಬಿಡಿಸಿ ಹೇಳಿದರು, "ನಮ್ಮ ಮೈಯಾಗ ಸಿಪಾಯಿಗಳು ಇರ್ತಾರಂತ. ನನ್ನ ಸಿಪಾಯಿಗಳು ಹುಚ್ಚರಾಗಿ ನನ್ನ ಕೀಲಿಗೇ ಬಡ್ಯಾಕತ್ತಾರ. ಅದಕ್ಕ ಈ ಗುಳಿಗಿ ಅವರ್ನ ಮಲಗಸ್ತದ. ಈಗ ಈ ಸೂಜಿ ಬಂದು, ಏಳ್ರಲೇ, ಎದ್ದು ಕವಾಯತು ಮಾಡ್ರಿ ಅಂತದ. ಒಬ್ಬರು ಮಲಗು ಅಂತಾರ, ಒಬ್ಬರು ಏಳು ಅಂತಾರ. ಆ ಸಿಪಾಯಿ ಏನ್ ಮಾಡಬೇಕು ಪಾಪ?"

ಮಾತಿನಲ್ಲಿ ಅರ್ಥವಿಲ್ಲ ಎನ್ನುವಂತಿರಲಿಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೇ ಉತ್ತರ ಹೊಳೆಯಲಿಲ್ಲ ಎಂದ ಮೇಲೆ ಮಾಮಾ ಸುಮ್ಮನಿರುತ್ತಾರೆಯೇ? ಒಂದು ನೋಟ್‌ಬುಕ್ಕು ತಂದು ಗೆರೆ ಎಳೆದು ಮೂರು ಮನೆ ಮಾಡಿದರು. 'ಹೌದು', 'ಬ್ಯಾಡ', 'ನೋಡಾಮು'. ಮುಖಕ್ಕೆ ಎರಡು ಮಾಸ್ಕು ಕಟ್ಟಿ ಅಭಿಪ್ರಾಯ ಸಂಗ್ರಹಕ್ಕೆ ಹೊರಟೇಬಿಟ್ಟರು.

ವಡಗೇರಾ ಬಸ್ಸಿನ ಕಂಡಕ್ಟರನನ್ನು ಕೇಳಿದರು. ಅವನು "ಕಾಕಾ, ಮೊದ್ಲ ಟಿಕೀಟ್ ಎಲ್ಲಿಗಂತ ಹೇಳ್ರಿ" ಅಂದ. ಮಾಮಾ ಅದನ್ನು 'ನೋಡಾಮು' ಮನೆಯಲ್ಲಿ ಬರೆದುಕೊಂಡರು.

ಕೊಂಕಲ್ ಊರಿನಲ್ಲಿ ಹೊಳೆಯ ಮೀನು ಹಿಡಿಯುವ ಗೆಳೆಯರೊಬ್ಬರಿದ್ದಾರೆ. ಅವರು ತೋಳು ತಟ್ಟಿ ಹೇಳಿದರು: "ನಾ ಮಾಡಿಸ್ಕೊಂಡೀನಿ ನೋಡು. ಮರುದಿನ ಮುಂಜಾನಿ ಬಲಿ ಎಳದೀನಿ."

"ನೀ ಸ್ಟಿರಾಯ್ಡ್ ತಗೋತಿಯೇನು?"

"ಇಲ್ಲ."

"ಹಂಗಾದ್ರ ನಿನ್ನ ಮಾತು ನಡ್ಯಂಗಿಲ್ಲ!"

ಆಗ ಮಾಮಾನಿಗೆ ಹೊಳೆಯಿತು. ತಮ್ಮಂತೆಯೇ ಗುಳಿಗೆ ತಿನ್ನುವವರೊಬ್ಬರು ಬೇಕು! ವಾರವೆಲ್ಲ ಹುಡುಕಿ, ಬಳಿಚಕ್ರ ಹಳ್ಳಿಯಲ್ಲಿ ಅದೇ ಗುಳಿಗೆ, ಅದೇ ಗುಂಡು ಮುಖದ ರೈತರೊಬ್ಬರಿದ್ದಾರೆಂದು ಪತ್ತೆ ಹಚ್ಚಿ ಎರಡು ಬಸ್ಸು ಬದಲಿಸಿ ಹೋದರು. ಆ ಮನುಷ್ಯ ಕಟ್ಟೆಯ ಮೇಲೆ ಕೂರಿಸಿ, ಚಹ ಕೊಟ್ಟು, ಎಲ್ಲ ಕೇಳಿ ಹೇಳಿದರಂತೆ: "ಛಲೋ ಆತು ನೀವು ಬಂದಿದ್ದು. ನಿಮ್ಮಂಥವರು ಯಾರರ ಏನ್ ಮಾಡ್ತಾರ ನೋಡಿ ಮಾಡಾಮಂತ ನಾನೂ ಕುಂತೀನ್ರಿ!"

ನಮ್ಮ ಓಣಿಯ ಆಶಾ ಕಾರ್ಯಕರ್ತೆ ಮೂರು ಸಲ ಮನೆಗೆ ಬಂದಳು. ಮೂರನೆಯ ಸಲ ಅವಳಿಗೂ ತಾಳ್ಮೆ ಮುಗಿಯಿತು.

"ಮಾಮಾರ, ಊರೆಲ್ಲ ಕೇಳೀರಿ. ಗುಳಿಗಿ ಬರದುಕೊಟ್ಟ ಡಾಕ್ಟರ್‌ನ ಒಂದ್ ಮಾತು ಕೇಳಿದ್ರೇನ್ರಿ?"

ಮಾಮಾ ಅವಳನ್ನು ಮರುಕದಿಂದ ನೋಡಿದರು. "ಡಾಕ್ಟರ್‌ನ ಕೇಳಿದ್ರ ಅವರು ಹೇಳೇಬಿಡ್ತಾರವ್ವ!"

ನಾವೆಲ್ಲ ನಕ್ಕೆವು. ಆಗಲೇ ಕೈಹಿಡಿದು ಕರೆದೊಯ್ಯಬೇಕಿತ್ತು. ನಗುವುದರಲ್ಲೇ ಕಾಲ ಕಳೆದೆವು.

ಒಂದು ವಾರದ ನಂತರ, ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಮಾಮಾ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದರು. ಮುಖ ಬೂದಿಯಂತಾಗಿತ್ತು. ಅಂಗಿ ಬೆವರಿಗೆ ತೊಯ್ದು ಮೈಗೆ ಅಂಟಿತ್ತು. "ಕಣ್ಣಿಗೆ ಕತ್ತಲ ಬರಾಕತ್ತದ" ಎಂದವರು ಅಲ್ಲೇ ವಾಂತಿ ಮಾಡಿಕೊಂಡರು. ಏಳಿಸಲು ಹೋದರೆ ಕಾಲು ನಿಲ್ಲಲಿಲ್ಲ. ದಿನಾ ಅವರನ್ನು ಬೈಯುವ ಅವ್ವ, "ತಮ್ಮಾ, ನನ್ನ ನೋಡೋ, ಈ ಕಡಿ ನೋಡೋ" ಎಂದು ಅವರ ಕೆನ್ನೆ ತಟ್ಟುತ್ತ ಅಳತೊಡಗಿದಳು. ಪಕ್ಕದ ಮನೆಯವರ ಕಾರಿನಲ್ಲಿ ಹಾಕಿಕೊಂಡು ಯಾದಗಿರಿಗೆ ಓಡಿದೆವು. ಭೀಮಾ ನದಿಯ ಸೇತುವೆ ದಾಟುವಾಗ ಮಾಮಾ ನನ್ನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು:

"ಅವ್ವನ ಮುಂದ ಹೇಳಬ್ಯಾಡ. ಗುಳಿಗಿ ಬಿಟ್ಟು ಐದು ದಿನ ಆತು. ಸೂಜಿ ಮಾಡಿಸ್ಕೊಳ್ಳಾಕ ಮೊದಲ ಸಿಪಾಯಿಗಳ್ನ ಜರಾ ಎಬ್ಬಿಸಿ ಇಡಾಮಂತ..."

ಎಂಥ ಹೊತ್ತಿನಲ್ಲಿ ಎಂಥ ಧೈರ್ಯ! ಯಾರನ್ನೂ ಕೇಳದೆ ಮಾಡಿದ ಎರಡನೆಯ ಕೆಲಸ ಇದು. ನಗು ಬರಲಿಲ್ಲ. ಅವರ ಕೈ ತಣ್ಣಗಿತ್ತು. ಅದನ್ನು ಉಜ್ಜುತ್ತ ಕೂತೆ.

ಡಾಕ್ಟರಮ್ಮನಿಗೆ ನಾನು ಮೊದಲು ಹೇಳಿದ್ದೇ ಗುಳಿಗೆ ಬಿಟ್ಟ ವಿಷಯ. ಅವರು ಓಡಿಬಂದು ಸಲೈನ್ ಹಚ್ಚಿಸಿದರು, ಅದರಲ್ಲೇ ಔಷಧ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಮಾಮಾನ ಮುಖಕ್ಕೆ ಬಣ್ಣ ಬಂತು. ಆಮೇಲೆ ಶುರುವಾಯಿತು ನೋಡಿ ಮಂಗಳಾರತಿ!

"ಮೂವತ್ತು ವರ್ಷ ಗೇಟ್ ನೋಡೀರಿ ನೀವು. ತುಂಬಿ ಹರಿಯೋ ಕಾಲುವಿ ಗೇಟ್ ಒಮ್ಮಿಗೇ ಇಳಿಸ್ತೀರೇನ್ರಿ?"

"ಇಲ್ರಿ ಬಾಯಾರ. ಹಿಂದ ನೀರು ಏರಿ ಏರಿ ಒಡ್ಡು ಒಡೀತದ."

"ಈ ಗುಳಿಗೀನೂ ಹಂಗ. ವರ್ಷಗಟ್ಟಲೆ ತಗೊಂಡ ಮ್ಯಾಲ, ಗುಳಿಗ್ಯಾಗ ಇರೋ ಅಂಥಾ ರಸಾನ ತಾನ ಮಾಡ್ಕೊಳ್ಳೋದನ್ನ ಮೈ ಮರ್ತಿರ್ತದ. ಒಮ್ಮಿಗೇ ಬಿಟ್ರ ಜೀವಕ್ಕೇ ಬರ್ತದ. ಕಡಿಮಿ ಮಾಡೋದಿದ್ರ ನಾ ಮಾಡ್ತೀನಿ, ನಿಧಾನಕ."

"ಮತ್ತ ಸೂಜೀರಿ?"

"ಮಾಡಿಸ್ಕೋರಿ! ಈ ಸೂಜ್ಯಾಗ ಜೀವ ಇರೋ ರೋಗಾಣು ಇಲ್ಲ. ನಿಮ್ಮಂಥವರಿಗೆ ಜರಾ ಕಡಿಮಿ ಹತ್ತಬಹುದು. ಆದ್ರ ರೋಗ ಬಂದ್ರ ಜಾಸ್ತಿ ತಕಲೀಫ್ ಆಗೋದೂ ನಿಮ್ಮಂಥವರಿಗೇ. ಅದಕ್ಕ ಬಿಡಬಾರದು. ಗುಳಿಗಿ ನುಂಗಿಕೋತನೇ ಮಾಡಿಸ್ಕೋರಿ. ಮುಂದ ಬ್ಯಾರೆ ಯಾವುದರ ಸೂಜಿ ಬಂದ್ರ ಮೊದಲ ನನ್ನನ್ನ ಕೇಳ್ರಿ, ಕಂಡಕ್ಟರ್‌ನ ಅಲ್ಲ!"

ಕಂಡಕ್ಟರನ ವಿಷಯ ನಾನೇ ಹೇಳಿಕೊಟ್ಟಿದ್ದೆ. ಮಾಮಾ ಕೈಮುಗಿದು "ಆಗಲ್ರಿ, ಫೈಸ್ಲಾ ಆತು" ಅಂದರು. ಡಾಕ್ಟರಮ್ಮ ಹೊರಗೆ ಹೋದರು. ಬಾಗಿಲು ಇನ್ನೂ ಪೂರ್ತಿ ಮುಚ್ಚಿಕೊಂಡಿರಲಿಲ್ಲ, ಮಾಮಾ ಪಕ್ಕದ ಮಂಚದ ರೋಗಿಯ ಕಡೆ ಹೊರಳಿ ಕೇಳಿದರು: "ಬಾಯಾರು ಹೇಳಿದ್ದು ಬರೋಬ್ಬರಿ ಅದ ಅನಿಸ್ತದೇನ್ರಿ ನಿಮಗ?"

ಮೂರು ವಾರ ಕಳೆದು, ಡಾಕ್ಟರಮ್ಮ ಈಗ ಹೋಗಬಹುದು ಎಂದ ಮೇಲೆ, ಮಾಮಾನನ್ನು ಶಹಾಪುರದ ಲಸಿಕೆ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಒಂದು ಶಾಲೆಯ ಕೋಣೆಯಲ್ಲಿ ಹಾಕುತ್ತಿದ್ದರು. ಸರದಿ ಬಂತು. ನರ್ಸಮ್ಮ "ತೋಳು ತಗೀರಿ" ಅಂದರು. ಮಾಮಾ ಕುರ್ಚಿಯಲ್ಲಿ ಕೂತು, ಅಂಗಿಯ ಎರಡೂ ತೋಳು ಮೇಲಕ್ಕೆ ಮಡಿಚಿ, ಹಿಂದೆ ನಿಂತವರ ಕಡೆ ತಿರುಗಿದರು.

"ಎಡಗೈಗೆ ಛಲೋನೋ, ಬಲಗೈಗೆ ಛಲೋನೋ? ನೀವೇನಂತೀರಿ?"

ಹಿಂದಿನವರು "ನೀವು ಊಟ ಮಾಡೋ ಕೈ ಯಾವುದ್ರಿ?" ಅಂದರು. ಅವರ ಹಿಂದಿನವರು "ನಮ್ಮ ಮಾವಗ ಎಡಗೈಗೇ ಮಾಡ್ಯಾರ" ಅಂದರು. ಮಾಮಾನ ಮುಖ ಅರಳಿತು, ಚರ್ಚೆ ರಂಗೇರುವುದರಲ್ಲಿತ್ತು. ಅಷ್ಟರಲ್ಲಿ ನರ್ಸಮ್ಮ ಹತ್ತಿ ಒತ್ತುತ್ತ ಹೇಳಿದರು: "ಆತ್ರಿ ಯಜಮಾನ್ರ. ಮಾಡಿ ಆತು. ಏಳ್ರಿ."

ಮಾಮಾ ಎಡತೋಳನ್ನು ನೋಡಿದರು, ನನ್ನನ್ನು ನೋಡಿದರು. "ನಾ ಇನ್ನೂ ಹೂಂ ಅಂದಿಲ್ಲಲ್ಲವ್ವ!"

ಅರ್ಧ ತಾಸು ಅಲ್ಲೇ ಕೂರಬೇಕು. ಮಕ್ಕಳ ಗಿಡ್ಡ ಬೆಂಚಿನ ಮೇಲೆ ಇಬ್ಬರೂ ಮೊಳಕಾಲು ಎದೆಗೆ ಬರುವಂತೆ ಕೂತೆವು. ಸುತ್ತ ಹತ್ತು ಜನ ಇದ್ದರು, ಕೇಳಲು ಬೇಕಾದಷ್ಟು ಸಾಮಗ್ರಿ. ಆದರೆ ಮಾಮಾ ಯಾರನ್ನೂ ಏನೂ ಕೇಳಲಿಲ್ಲ. ನನಗೆ ಹೆದರಿಕೆಯಾಯಿತು.

"ಯಾಕ ಮಾಮಾ, ಏನರ ಆಗಾಕತ್ತದೇನ್ರಿ?"

"ಏನೂ ಇಲ್ಲ." ಹತ್ತಿಯ ತುಂಡನ್ನು ಇನ್ನೊಮ್ಮೆ ಒತ್ತಿಕೊಂಡರು. "ನಿಮ್ಮತ್ತಿ ನೆನಪಾದಳು."

ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಾಮಾ ಅವರ ಮಾತು ತೆಗೆದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ನಾ ಮೊದ್ಲಿಂದನೂ ಹಿಂಗನ. ಮಂದಿಗೆ ಗೊತ್ತಾಗಿದ್ದಿಲ್ಲ, ಅಷ್ಟ. ಏನಿದ್ರೂ ಅಕಿನ್ನ ಕೇಳತಿದ್ದೆ. ಅಕಿ ರೊಟ್ಟಿ ಬಡಕೋತ, ತಲೀನೂ ಎತ್ತದಂಗ, ಹೋಗ್ರಿ ಅಂತಿದ್ಲು, ಇಲ್ಲಾ ಬ್ಯಾಡ್ರಿ ಅಂತಿದ್ಲು. ಮುಗೀತು. ನಾ ಮತ್ತೊಬ್ಬರ್ನ ಕೇಳತಿದ್ದಿಲ್ಲ." ಮಾಮಾ ನಗಲು ನೋಡಿದರು. "ಅಕಿ ಒಬ್ಬಾಕಿ ಒಂದ್ ಮಾತಿಗೆ ಈಗ ಎಷ್ಟು ಮಂದಿ ಬೇಕಾಗ್ಯಾರ ನೋಡವ್ವ. ಅಷ್ಟೂ ಮಂದೀನ ಕೇಳಿದ್ರೂ ಕೇಳಿದಂಗ ಆಗವಲ್ದು."

ಅವರ ಕೈಯಿಂದ ಹತ್ತಿ ತೆಗೆದುಕೊಂಡು, ಮಡಿಚಿದ್ದ ಅಂಗಿಯ ತೋಳನ್ನು ಇಳಿಸಿದೆ. ಆಚೆ ನರ್ಸಮ್ಮ ಮುಂದಿನವರ ಹೆಸರು ಕೂಗುತ್ತಿದ್ದರು.

ಅರ್ಧ ತಾಸು ಮುಗಿಯುತ್ತ ಬಂದಾಗ ಮಾಮಾ ಕೇಳಿದರು: "ಇನ್ನ ಮನಿಗೆ ಹೋಗಾಮೇನು?"

ಬೇರೆ ದಿನವಾಗಿದ್ದರೆ "ನೀವೇ ಹೇಳ್ರಿ ಮಾಮಾ" ಎಂದು ಅವರನ್ನು ಆಟವಾಡಿಸುತ್ತಿದ್ದೆ.

"ಇನ್ನ ಐದು ನಿಮಿಷ ಕೂಡ್ರಿ" ಅಂದೆ.

"ಹೂಂ" ಎಂದು ಮಾಮಾ ಕೂತರು.