ಮುತ್ತಾತನ ಎಲೆಗೆ ಏನು ಬಡಿಸೋದು?

ಬದುಕಿರೋ ನೆಂಟರ ಕಾಟಾನ ಹೆಂಗೋ ತಡ್ಕೋಬಹುದು, ಸಾಯಂಕಾಲ ಬಸ್ ಹತ್ತಿಸಿದ್ರೆ ಮುಗೀತು. ಸತ್ತೋರ ಕಾಟಕ್ಕೆ ಬಸ್ಸಿಲ್ಲ. ನಮ್ಮನೇಲಿ ಅದು ವರ್ಷಾವರ್ಷ ಪಿತೃಪಕ್ಷಕ್ಕೆ ಕರೆಕ್ಟಾಗಿ ಬಂದು ಕೂತ್ಕೊಳುತ್ತೆ.

ಮಂಚೇನಹಳ್ಳಿ ಹತ್ರ ನಮ್ಮೂರು. ಹಿರಿಯರ ಹಬ್ಬದ ದಿನ ಸತ್ತೋರಿಗೆಲ್ಲ ಒಂದೊಂದು ಎಲೆ ಹಾಕಿ, ಅವರವರಿಗೆ ಇಷ್ಟ ಆಗ್ತಿದ್ದಿದ್ದನ್ನ ಬಡಿಸಿ, ಬಾಗಿಲು ಮುಚ್ಚಿ ನಾವು ಆಚೆ ನಿಲ್ತೀವಿ. ಅವರು ಬಂದು ತಿನ್ಕೊಂಡು ಹೋಗ್ಲಿ ಅಂತ. ಅಪ್ಪನಿಗೆ ನಾಟಿ ಕೋಳಿ ಸಾರು, ಬೀಡಿ ಕಟ್ಟು. ಅಜ್ಜಿಗೆ ಎಲೆಅಡಿಕೆ, ಹೊಗೆಸೊಪ್ಪು. ತಾತನಿಗೆ ಒಂದು ಕ್ವಾಟ್ರು. ಮುತ್ತಾತನಿಗೆ? ಅವನಿಗೇನು ಇಷ್ಟ ಅಂತ ಯಾರಿಗೂ ಗೊತ್ತಿಲ್ಲ. ಪಾತ್ರೆ ತಳದಲ್ಲಿ ಉಳಿದಿದ್ದನ್ನ ಗೋರಿ ಹಾಕ್ತಿದ್ವಿ.

ಈ ಎಡೆ ಅಡಿಗೆ ಮಾಡೋಳು ನಮ್ಮಕ್ಕ. ಎಂಬತ್ತು ದಾಟಿದೆ, ಗಂಡ ಹೋದ್ಮೇಲೆ ನಮ್ಮನೇಲೇ ಇದ್ದಾಳೆ. ಈ ಸಲ ಹಬ್ಬ ಇನ್ನೂ ದೂರ ಇರೋವಾಗ್ಲೇ ಶುರು ಮಾಡಿದ್ಲು.

"ಮುತ್ತಾತ ಕನಸಲ್ಲಿ ಬಂದಿದ್ದ ಕಣೋ. ಎಲೆ ಮುಂದೆ ಕೂತು ನನ್ನನ್ನೇ ನೋಡ್ತಿದ್ದ. ನಾನು ಇವತ್ತೋ ನಾಳೆಯೋ ಹೋಗೋಳು. ಅಲ್ಲಿ ಅವನ ಪಕ್ಕದಲ್ಲೇ ತಾನೆ ನಂಗೂ ಎಲೆ ಹಾಕೋದು? ಏನಂತ ಮುಖ ತೋರಿಸ್ಲಿ? ಹಬ್ಬದೊಳಗೆ ಅವನಿಗೇನಿಷ್ಟ ಅಂತ ತಿಳ್ಕೊಂಡು ಬಾ."

"ಕೊನೇ ಪಂಕ್ತೀಲಿ ಕೂತ್ಕೋ ಅಕ್ಕ," ಅಂದೆ.

ಮುದ್ದೆ ಕೋಲು ಎತ್ತಿದ್ಲು. ಹೊರಟೆ.

ಪಹಣಿ

ಬೆಳೆದಿದ್ದನ್ನೇ ತಾನೆ ತಿನ್ನೋದು? ಪಹಣೀಲಿ ಬೆಳೆ ಏನು ಅಂತ ಬರೆದಿರ್ತಾರೆ, ನೋಡಿದ್ರಾಯ್ತು ಅಂತ ಒಂದು ಆಫೀಸಿಗೆ ಹೋದೆ. ಯಾವ ಆಫೀಸು ಅಂತ ಕೇಳ್ಬೇಡಿ, ನಂಗಿನ್ನೂ ಅಲ್ಲಿ ಕೆಲಸ ಇದೆ. ಕ್ಯೂಗೆ ಸೇರಿದಾಗ ನನ್ನ ಗದ್ದ ನುಣ್ಣಗಿತ್ತು, ಕಿಟಕಿ ಮುಟ್ಟೋ ಹೊತ್ತಿಗೆ ಗಡ್ಡ ಎದೆಗಿಳಿದಿತ್ತು.

"ಹಳೇ ಪಹಣಿ ಬೇಕಂದ್ರೆ ಖಾತೆದಾರರೇ ಬರ್ಬೇಕು," ಅಂದ ಗುಮಾಸ್ತ.

"ಅವರು ನಮ್ಮ ಮುತ್ತಾತ ಸ್ವಾಮಿ. ಸತ್ತು ಯಾವ ಕಾಲ ಆಯ್ತೋ!"

ಅವನು ಕಂಪ್ಯೂಟರ್ ನೋಡಿದ, ನನ್ನ ನೋಡಿದ. "ಹುಣಸೆಮರದ ತುಂಡು ಜಮೀನು ಇನ್ನೂ ಅವರ ಹೆಸರಲ್ಲೇ ಇದೆ. ರೆಕಾರ್ಡ್ ಪ್ರಕಾರ ಅವರಿದ್ದಾರೆ ಯಜಮಾನ್ರೇ. ಇಲ್ಲದೆ ಇರೋರು ನೀವು."

ಕಿಟಕಿ ಬಿಟ್ಟು ಕದಲದೆ ಅಲ್ಲೇ ನಿಂತೆ. ಪಾಪ ಅನ್ನಿಸ್ತೇನೋ, ಈ ವರ್ಷದ್ದು ಒಂದು ಪ್ರಿಂಟ್ ತೆಗೆದು ಕೊಟ್ಟ. ಮನೆಗೆ ತಂದು ಅಕ್ಕನಿಗೆ ಓದಿ ಹೇಳ್ದೆ. ಖಾತೆದಾರ, ಮುತ್ತಾತ. ಬೆಳೆ, ನೀಲಗಿರಿ.

ಅಕ್ಕ ಕೇಳಿದ್ಲು, "ಅದರ ಸೊಪ್ಪನ್ನ ಬೇಳೆ ಹಾಕಿ ಬೇಯಿಸೋದಾ, ಹಂಗೇ ಬಾಡಿಸೋದಾ?"

ಹೆಳವರ ಹುಲಿ

ಆಮೇಲೆ ನಮ್ಮ ಅದೃಷ್ಟಕ್ಕೆ ಊರಿಗೆ ಹೆಳವರು ಬಂದ್ರು. ಮನೆ ಮನೆ ವಂಶಾವಳಿ ಬಾಯಲ್ಲೇ ಹೇಳೋ ಜನ. ಹಿಂದೆಲ್ಲ ಎತ್ತಿನ ಮೇಲೆ ಬರ್ತಿದ್ರು, ಈಗ ಬೈಕಲ್ಲಿ. ಜಗಲಿ ಮೇಲೆ ಚಾಪೆ ಹಾಸಿ ಕೂರಿಸಿದೆ. ಒಳ್ಳೇದು ಹೇಳ್ಲಿ ಅಂತ ಅಕ್ಕ ಮೊರದ ತುಂಬ ಅಕ್ಕಿ ತಂದಿಟ್ಲು.

ಹೆಳವ ಕಣ್ಮುಚ್ಚಿ ಶುರು ಮಾಡಿದ. ನಮ್ಮ ಮುತ್ತಾತ ಕಳವಾರದ ಬೆಟ್ಟದ ಬುಡದಲ್ಲಿ ನೇಗಿಲು ಹೂಡ್ತಿದ್ನಂತೆ. ಹುಲಿ ಬಂತಂತೆ. ಎತ್ತು ಬಿಚ್ಚಿ ಹುಲೀನೇ ನೊಗಕ್ಕೆ ಕಟ್ಟಿ, ಉಳಿದ ಹೊಲ ಉತ್ತು, ಆಮೇಲೆ ಕೊಂದ್ನಂತೆ. ನಾನೂ ಜೀವಮಾನ ಪೂರ್ತಿ ಕಥೆ ಕಟ್ಟಿದೋನೇ. ಆದ್ರೆ ಹುಲಿ ಕೈಲಿ ಉಳುಮೆ ಮಾಡ್ಸೋವಷ್ಟು ದೂರ ಹೋಗಿರ್ಲಿಲ್ಲ. ಎದ್ದು ಕೈ ಮುಗಿದೆ.

"ಅದೆಲ್ಲ ಸರಿ, ಏನು ತಿಂತಿದ್ದ?"

"ಏನು ತಿಂದ ಅನ್ನೋದು ನಮ್ಮಲ್ಲಿ ಇರಲ್ಲ ಸ್ವಾಮಿ. ಏನು ಕೊಂದ ಅನ್ನೋದು ಮಾತ್ರ."

ಅವನು ಹೋದ್ಮೇಲೆ ಎದುರು ಮನೆಯೋನು ಬಂದ. "ನಮ್ಮ ಮುತ್ತಾತನಿಗೆ ಬರೀ ಚಿರತೆ ಸಿಕ್ತಲ್ಲಪ್ಪ, ನಿಮಗೆ ಹೆಂಗೆ ಹುಲಿ?"

"ನೀನೇನು ಕೊಟ್ಟೆ?"

"ರಾಗಿ."

"ಅದಕ್ಕೇ."

ಚಿಂತಾಮಣಿಯ ಫೋಟೋ

ಚಿಂತಾಮಣೀಲಿ ನಮ್ಮ ದಾಯಾದಿಗಳಿದ್ದಾರೆ. ಅವರ ನಡುಮನೇಲಿ ಮುತ್ತಾತನ ಫೋಟೋ ಇದೆ ಅಂತ ಒಂದು ಮದುವೇಲಿ ಯಾರೋ ಹೇಳಿದ್ರು. ಮುಖ ನೋಡಿದ್ರೆ ಸಿಹಿ ತಿನ್ನೋನೋ ಖಾರ ತಿನ್ನೋನೋ ಗೊತ್ತಾಗುತ್ತೆ ಅಂತ ಹೋದೆ.

ಇತ್ತು! ಕೆಂಪು ಬಲ್ಬು, ಗಂಧದ ಹಾರ, ದೊಡ್ಡ ಪೇಟ. ಮೀಸೆ ಎಷ್ಟು ಅಗಲ ಅಂದ್ರೆ ಅದರ ತುದಿಗಳು ಫ್ರೇಮಿಂದ ಆಚೆಗಿದ್ವು. ನನ್ನ ಕಣ್ಣಲ್ಲಿ ನೀರು ಬಂತು. ಅಡ್ಡ ಬಿದ್ದು ಹೇಳ್ದೆ, "ತಾತಾ, ಇಷ್ಟು ದಿನ ತಳ ಗೋರಿದ್ದು ಬಡಿಸಿದ್ವಿ, ತಪ್ಪಾಯ್ತು."

ಆ ಮನೆ ಹಿರೀ ಸೊಸೆ ಕಾಫಿ ತಂದ್ಲು. ಅವಳ ಮಾತು ಅರ್ಧ ತೆಲುಗು. "ಆಯನ ಎವರೋ ಮಾಕೇ ತೆಲೀದು ಮಾವಾ. ಯಾರೋ ನಮಗೂ ಗೊತ್ತಿಲ್ಲ."

"ಮತ್ತೆ ಈ ಹಾರ, ಪೂಜೆ?"

"ಮನೆ ತಗೊಂಡಾಗ್ಲೇ ಇತ್ತು. ಮೊಳೆ ಕಿತ್ರೆ ಗೋಡೆ ಗಾರೆ ಉದುರುತ್ತೆ ಅಂತ ಬಿಟ್ವಿ. ದೊಡ್ಡೋರು ಗೋಡೆ ಮೇಲಿರೋವಾಗ ಕೈ ಮುಗೀದೆ ಇರೋಕಾಗುತ್ತಾ? ಮಗಳ ಮದುವೆ ಇವರಿಗೆ ಹರಕೆ ಹೊತ್ಮೇಲೇ ಆಗಿದ್ದು!"

ಕಾಫಿ ಕುಡಿದು ಬಂದೆ. ಅಡ್ಡ ಬಿದ್ದಿದ್ದನ್ನ ವಾಪಸ್ ತಗೊಳೋಕೆ ಆಗಲ್ವಲ್ಲ.

ಶಿಡ್ಲಘಟ್ಟದ ಅಜ್ಜಿ

ಹಬ್ಬ ಹತ್ರ ಬಂತು. ಅಕ್ಕ ಸರಿಯಾಗಿ ಊಟ ಮಾಡೋದು ಬಿಟ್ಲು. "ಅವನ ಎಲೆ ಖಾಲಿ ಇರೋವಾಗ ನಂಗೆ ಹೆಂಗೆ ಇಳಿಯುತ್ತೋ?" ಅಂತಿದ್ಲು. ಆಟ ಅಂದ್ಕೊಂಡಿದ್ದ ನಂಗೂ ಭಯ ಆಯ್ತು. ಆಗ ನೆನಪಾಯ್ತು, ಶಿಡ್ಲಘಟ್ಟದಲ್ಲಿ ದೂರದ ಸಂಬಂಧದ, ನೂರರ ಹತ್ರ ಬಂದಿರೋ ಅಜ್ಜಿ ಒಬ್ಬಳಿದ್ದಾಳೆ, ಹುಟ್ಟಿ ಬೆಳೆದಿದ್ದು ನಮ್ಮ ಬೀದೀಲೇ. ಮುತ್ತಾತನ್ನ ಕಣ್ಣಲ್ಲಿ ಕಂಡೋರಲ್ಲಿ ಉಳಿದಿರೋದು ಅದೊಂದೇ ಜೀವ.

ಹುಳು ಮನೇಲಿ ಕೂತಿದ್ಲು. ರೇಷ್ಮೆ ಹುಳುಗಳು ಸೊಪ್ಪು ಮೇಯೋ ಸದ್ದಿಗೆ ನನ್ನ ಮಾತು ನಂಗೇ ಕೇಳಿಸ್ತಿರ್ಲಿಲ್ಲ. ಕೂಗಿ ಕೇಳ್ದೆ, "ಅಜ್ಜೀ, ನಮ್ಮ ಮುತ್ತಾತನಿಗೆ ಊಟಕ್ಕೆ ಏನಿಷ್ಟ?"

ಅಜ್ಜಿ ಬೊಚ್ಚು ಬಾಯಿ ಬಿಟ್ಟು ನಕ್ಕಿದ್ದೇ ನಕ್ಕಿದ್ದು. "ಪಕ್ಕದ್ಮನೇದು!"

"ಅಂದ್ರೆ?"

"ಅವನೆಲ್ಲಿ ಸ್ವಂತ ಮನೇಲಿ ತಿಂತಿದ್ದ! ಮನೇಲಿ ಬಡಿಸಿದ್ರೆ 'ಥೂ, ಉಪ್ಪಿಲ್ಲ, ಖಾರ ಇಲ್ಲ' ಅಂತ ಎದ್ದು ಪಕ್ಕದ್ಮನೆ ಒಲೆ ಮುಂದೆ ಹೋಗಿ ಕೂರೋನು. ನಿಮ್ಮ ಮುತ್ತಜ್ಜಿ ಅಳ್ತಾ ಅದೇ ಸಾರನ್ನ ಹಿತ್ಲಿಂದ ಅವರಿಗೆ ಕಳಿಸೋಳು. ಆ ಮನೆಯೋಳು ಬಡಿಸಿದ್ರೆ 'ಆಹಾ, ಇದಪ್ಪ ಸಾರು' ಅಂತ ನೆಕ್ಕೋನು."

ಬಂದು ಅಕ್ಕನಿಗೆ ಹೇಳ್ದೆ. ಅವಳ ಮುಖ ಅರಳ್ತು. "ಹಂಗಾದ್ರೆ ಎಲೆ ಪಕ್ಕದ್ಮನೇಲೇ ಹಾಕಣ."

ಪಕ್ಕದ್ಮನೆ ಯಜಮಾನ್ತಿ ಒಪ್ಲಿಲ್ಲ. "ಅಕ್ಕ, ನಮ್ಮ ಮಾವನಿಗೂ ನಿಮ್ಮಪ್ಪನಿಗೂ ಬದು ಜಗಳ, ಸಾಯೋವರೆಗೂ ಮಾತಿರ್ಲಿಲ್ಲ. ನಿಮ್ಮೋರ ಎಲೆ ಪಕ್ಕದಲ್ಲಿ ಹಾಕಿದ್ರೆ ಮಾವ ಎದ್ದು ಹೋಗ್ಬಿಡ್ತಾರೆ!" ಕೊನೆಗೆ ಎರಡೂ ಎಲೆ ಮಧ್ಯೆ ಒಂದು ಮೊರ ಅಡ್ಡ ನಿಲ್ಲಿಸೋದು ಅಂತ ರಾಜಿ ಆಯ್ತು.

ಹಬ್ಬದ ದಿನ ಅಕ್ಕ ಮಾಡಿದ ಕೋಳಿ ಸಾರನ್ನ ಹಿತ್ಲಿಂದ ಸಾಗಿಸಿದ್ವಿ. ಆಯಮ್ಮ ತನ್ನ ಕೈಯಾರೆ ಬಡಿಸಿದ್ಲು. ಬಾಗಿಲು ಮುಚ್ಚಿ ಎರಡು ಮನೆಯೋರೂ ಬೀದೀಲಿ ನಿಂತ್ವಿ. ಸ್ವಲ್ಪ ಹೊತ್ತಾದ್ಮೇಲೆ ಒಳಗಿರೋರಿಗೆ ಗೊತ್ತಾಗ್ಲಿ ಅಂತ ಕೆಮ್ಮಿ, ಬಾಗಿಲು ತೆಗೆದು ನೋಡ್ತೀವಿ, ಮುತ್ತಾತನ ಎಲೆ ತೊಳೆದಿಟ್ಟಂಗಿದೆ! ಒಂದು ಮೂಳೆ ಕೂಡ ಇಲ್ಲ. ಅಟ್ಟದ ಮೇಲೆ ಅವರ ಬೆಕ್ಕು ಕೂತು ಮೂತಿ ಒರೆಸ್ಕೊಳ್ತಿತ್ತು. ನಾನೂ ಆಯಮ್ಮನೂ ಒಬ್ಬರ ಮುಖ ಒಬ್ಬರು ನೋಡಿ ಬಾಯಿ ಮುಚ್ಕೊಂಡ್ವಿ.

ಅಕ್ಕ ಸೆರಗಲ್ಲಿ ಕಣ್ಣೊರೆಸ್ಕೊಂಡು, "ತಿಂದ ಕಣೋ, ಹೊಟ್ಟೆ ತುಂಬ ತಿಂದ!" ಅಂದ್ಲು. ಅಬ್ಬಾ, ಮುಗೀತು ಅಂದ್ಕೊಂಡೆ. ಅಷ್ಟರಲ್ಲಿ ಅವಳ ಕೈ ಸೊಂಟಕ್ಕೆ ಹೋಯ್ತು.

"ಸಾರು ನಂದೇ ತಾನೆ?"

"ನಿಂದೇ ಅಕ್ಕ."

"ಮದುವೆಗೆ ಮುಂಚಿಂದ ಬೇಯಿಸಿ ಹಾಕಿದ್ದೀನಿ, ಒಂದು ಸಲಾನೂ ಒಂದು ಅಗುಳು ಮುಟ್ಲಿಲ್ಲ. ಇವಳು ಬಡಿಸಿದ ತಕ್ಷಣ ಮೂಳೆ ಸಮೇತ ಸೇರ್ತಾ ಅವನಿಗೆ? ಚಪ್ಪಲಿ ಬಿಚ್ಬೇಡ ಕಣೋ, ಮೊದಲ ಬಸ್ ಹಿಡಿ. ಇವನ್ನ ಹಿಂಗೆ ಬೆಳೆಸಿದ ಅವರಮ್ಮ ಯಾರು, ಯಾವೂರೋಳು ಅಂತ ತಿಳ್ಕೊಂಡು ಬಾ!"