ಅರ್ಧ ಇಂಚಿನ ಔದಾರ್ಯ

ಈ ಭೂಮಂಡಲದಲ್ಲಿ ಅಳತೆ ತಪ್ಪದ ಮನುಷ್ಯ ಯಾರಾದರೂ ಇದ್ದರೆ ಅದು ನಾನೇ ಎಂದು ಹೋದ ತಿಂಗಳವರೆಗೂ ನಂಬಿದ್ದೆ! ವಯಸ್ಸು ಹತ್ತೊಂಬತ್ತು. ಓದು ಅರ್ಧಕ್ಕೇ ನಿಂತಿದೆ. ನಾಲ್ಕು ಜನರೆದುರು ಬಾಯಿ ತೆರೆದರೆ ಕಿವಿ ಕೆಂಪಾಗುತ್ತದೆ. ಆದರೆ ಅಪ್ಪನ ಟೈಲರ್ ಅಂಗಡಿಯ ಅಳತೆ ಪುಸ್ತಕ ಬರೆದ ಕೈ ಇದು. ನೂಲೆಳೆಯಷ್ಟೂ ಅತ್ತಿತ್ತ ಆಗದು!

ಷರ್ಟುಗಳ ಗುಂಡಿಗೆ ಕಾಜಾ ಹೊಲಿದು ಹೊಲಿದು ಬೇಸತ್ತು ಒಂದು ಸಂಶೋಧನಾ ಕಚೇರಿಯಲ್ಲಿ ಕೆಲಸ ಹಿಡಿದೆ. ಮೊದಲ ತಿಂಗಳು ಕೆಲಸ ನೋಡಿ, ಆಮೇಲೆ ಕಾಯಂ. ಅಲ್ಲಿನ ಸಂಶೋಧನೆ ಕಾಂಡೋಮಿನದು. ಅದು ಗಂಡಸರಿಗೆ ಸರಿಯಾಗಿ ಹೊಂದುತ್ತದೆಯೇ, ಹೊಂದದಿದ್ದರೆ ಅವರಿಗೆ ಏನನ್ನಿಸುತ್ತದೆ ಎಂದು ತಿಳಿಯುವುದು. ಮಹತ್ಕಾರ್ಯವೇ! ಆದರೆ ಮನೆಯಲ್ಲಿ ಹೇಳುವುದು ಹೇಗೆ?

“ಎಂಥಾ ಸಂಶೋಧನೆನೋ?” ಕಿವಿಗೆ ಸಿಕ್ಕಿಸಿದ್ದ ಕೆಂಪು ಪೆನ್ಸಿಲ್ ತೆಗೆಯುತ್ತಾ ಅಪ್ಪ ಕೇಳಿದರು.

“ಅಳತೇದು ಅಪ್ಪ. ಗಂಡಸರ ಅಳತೆ.”

“ಪ್ಯಾಂಟೋ, ಷರ್ಟೋ?”

“ಎರಡೂ ಅಲ್ಲ... ಒಳಗೆ ಹಾಕ್ಕೊಳ್ಳೋದು.”

“ಬನಿಯನ್ನಾ! ಅದಕ್ಕೂ ಸಂಶೋಧನೆ ಬೇಕಾ?”

ನಾನು ತಲೆ ಆಡಿಸಿದೆ. ಹೌದು ಎಂದೋ ಅಲ್ಲ ಎಂದೋ ನನಗೇ ಗೊತ್ತಿಲ್ಲ.

“ಒಂದು ತಿಂಗಳು ನೋಡ್ತೀನಿ. ಕೆಲಸ ಉಳಿಸ್ಕೊಂಡ್ರೆ ಸರಿ. ಇಲ್ದಿದ್ರೆ ಬಾಯಿ ಮುಚ್ಕೊಂಡು ಬಂದು ಕಾಜಾ ಹೊಲಿ!”

‘ಗಂಡಸರು ಬೇಕಾಗಿದ್ದಾರೆ’ ಎಂಬ ಕಾಗದಗಳನ್ನು ಗೋಡೆಗಳಿಗೆ ಅಂಟಿಸಿದವನೂ ನಾನೇ. ನಮ್ಮ ಅಂಗಡಿಯ ಬೀದಿಯಲ್ಲಿ ಮಾತ್ರ ಅಪ್ಪ ಊಟಕ್ಕೆ ಹೋದ ಹೊತ್ತು ನೋಡಿ ಅಂಟಿಸಿ ಓಡಿದೆ.

ಅರವತ್ತು ಮಂದಿ ಸೇರಿದರು. ಹೆಸರು, ಫೋನು ಎಲ್ಲ ಸಂಶೋಧನೆ ನಡೆಸುವ ಡಾಕ್ಟರ್ ಮೇಡಂ ಅವರ ಬೀಗದ ಪೆಟ್ಟಿಗೆಯಲ್ಲಿ. ನನಗೆ ಸಿಗುವುದು ಕ್ರಮಸಂಖ್ಯೆ, ಅವರವರೇ ಅಳೆದು ಹೇಳಿದ ಸುತ್ತಳತೆ, ಇಷ್ಟೇ. ಅದನ್ನು ರಿಜಿಸ್ಟರಿಗೆ ಬರೆದು, ಆ ಅಳತೆಯ ಪ್ಯಾಕೆಟ್ ಆರಿಸಿ, ಲಕೋಟೆಗೆ ಹಾಕಬೇಕು. ಅವರು ಒಮ್ಮೆ ಹಾಕಿ ನೋಡಿ, ಬಿಗಿಯೋ ಸಡಿಲವೋ ಸರಿಯೋ ಎಂದು ಬರೆದು ಕಳಿಸಬೇಕು. ಬೇರೆ ಯಾವ ಉಪಯೋಗಕ್ಕೂ ಬಳಸಕೂಡದು ಎಂದು ಲಕೋಟೆಯ ಮೇಲೆ ದಪ್ಪಕ್ಷರದ ಸೂಚನೆ.

ಒಂದೊಂದು ಅಂಕಿಯನ್ನೂ ಮೂರು ಮೂರು ಸಲ ನೋಡಿ ಬರೆದೆ. ಮೂರನೇ ವಾರ ಮೇಡಂ ತಮ್ಮ ಪಟ್ಟಿಯನ್ನೂ ನನ್ನ ರಿಜಿಸ್ಟರನ್ನೂ ಅಕ್ಕಪಕ್ಕ ಇಟ್ಟರು.

“ಏನಪ್ಪಾ ಇದು? ಏಳನೇ ನಂಬರಿನವರು ಹೇಳಿದ್ದು ನೂರಾ ಹದಿನಾರು ಮಿಲಿಮೀಟರ್. ನೀನು ನೂರಾ ಇಪ್ಪತ್ತೊಂಬತ್ತು ಬರ್ದಿದೀಯ!”

“ಸಡಿಲಕ್ಕೆ ಬಿಟ್ಟಿದೀನಿ ಮೇಡಂ,” ಎಂದೆ, ಹೆಮ್ಮೆಯಿಂದಲೇ.

“ಏನಂದೆ?”

“ಮೈ ಅಳತೆಗೆ ಅರ್ಧ ಇಂಚು ಸೇರಿಸಿ ಬರೀಬೇಕು ಮೇಡಂ. ಅರ್ಧ ಇಂಚು ಅಂದ್ರೆ ಹದಿಮೂರು ಮಿಲಿಮೀಟರ್, ಬೇಕಾದ್ರೆ ಕೂಡಿ ನೋಡಿ. ಸೇರಿಸದಿದ್ರೆ ಕೂತಾಗ ಹೊಲಿಗೆ ಬಿಟ್ಕೊಳ್ಳುತ್ತೆ.”

ಮೇಡಂ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡು ನನ್ನನ್ನೇ ನೋಡಿದರು.

“ಇದು ಕಾಂಡೋಮ್ ಕಣಪ್ಪಾ, ಪೈಜಾಮ ಅಲ್ಲ!”

ನನಗೆ ಜ್ಞಾನೋದಯವಾದದ್ದು ಆಗ. ಅರವತ್ತು ಗಂಡಸರು! ಅರವತ್ತು ಅರ್ಧ ಇಂಚುಗಳು! ಒಟ್ಟು ಮೂವತ್ತು ಇಂಚಿನ ಔದಾರ್ಯ, ಒಂದು ಪ್ಯಾಂಟಿನ ಸೊಂಟದಷ್ಟು!

“ಬಂದಿರೋ ಉತ್ತರ ಎಲ್ಲಾ ಬಿಚ್ಚು. ಪಾಪ, ಎಷ್ಟು ಜನ ಬೈದಿದಾರೋ,” ಎಂದರು ಮೇಡಂ.

ಬಿಚ್ಚಿದೆ. ‘ಸರಿಯಾಗಿದೆ.’ ‘ಸರಿಯಾಗಿದೆ.’ ‘ಹೇಳಿ ಮಾಡಿಸಿದ ಹಾಗಿದೆ.’ ಹನ್ನೊಂದನೆಯವರು: ‘ಸ್ವಲ್ಪ ಬಿಗಿ.’ ಇಪ್ಪತ್ತಾರನೆಯವರು: ‘ಇದಕ್ಕಿಂತ ದೊಡ್ಡದು ಇಲ್ಲವೇ?’

ಮೇಡಂ ತಲೆಯ ಮೇಲೆ ಕೈ ಹೊತ್ತು ಕುಳಿತರು. “ಸಡಿಲ ಅಂತ ಒಬ್ಬರಾದ್ರೂ ಬರೆದಿದ್ರೆ, ನಿಜ ಹೇಳೋ ಗಂಡಸೂ ಇದಾನೆ ಅಂತ ಧೈರ್ಯವಾಗಿ ಮತ್ತೆ ಶುರು ಮಾಡ್ಬಹುದು. ಇಲ್ಲಾಂದ್ರೆ ಈ ಸಂಶೋಧನೇನೂ ಮುಗೀತು, ನಿನ್ನ ಕೆಲಸಾನೂ ಮುಗೀತು.”

ಐವತ್ತೊಂಬತ್ತು ಲಕೋಟೆ ಮುಗಿಯಿತು, ಒಂದರಲ್ಲೂ ‘ಸಡಿಲ’ ಇಲ್ಲ. ಕಣ್ಣ ಮುಂದೆ ಸಾಲುಸಾಲಾಗಿ ಕಾಜಾಗಳು ಬಾಯಿ ತೆರೆದವು. ಉಳಿದದ್ದು ಒಂದೇ, ನಲವತ್ತೊಂದನೇ ನಂಬರು.

‘ಸಡಿಲ’ ಎಂಬುದರ ಅಡಿಗೆ ಎರಡೆರಡು ಗೆರೆ! ಕೆಳಗೆ ಬರಹ: ‘ಜಾರುತ್ತದೆ. ನಾನು ಅಳತೆ ಸರಿಯಾಗಿಯೇ ಕೊಟ್ಟಿದ್ದೆ. ಬರೆದುಕೊಂಡವನು ಅರ್ಧ ಇಂಚು ಹೆಚ್ಚಿಗೆ ಬರೆದಿದ್ದಾನೆ. ಮೊದಲು ಅವನಿಗೆ ಕೆಲಸ ಕಲಿಸಿ.’

ಎಲ್ಲವೂ ಕೆಂಪು ಪೆನ್ಸಿಲಿನಲ್ಲಿ.

“ಸಿಕ್ಕಿದ್ರಲ್ಲಪ್ಪಾ ಸತ್ಯವಂತರು!” ಮೇಡಂ ಕುಣಿಯುವುದೊಂದು ಬಾಕಿ. ಬೀಗ ತೆಗೆದು ತಾವೇ ನಂಬರು ಒತ್ತಿ ಫೋನು ನನ್ನ ಕೈಗಿತ್ತರು. “ಮೊದಲು ಕ್ಷಮೆ ಕೇಳು.”

ಆ ಕಡೆ ಹೊಲಿಗೆ ಯಂತ್ರದ ಸದ್ದು. ನಾನು ದನಿ ದಪ್ಪ ಮಾಡಿಕೊಂಡೆ. “ಸರ್, ಸಂಶೋಧನಾ ಕಚೇರಿಯಿಂದ... ಅಳತೆಯಲ್ಲಿ ಸಣ್ಣ ತಪ್ಪಾಗಿದೆ...”

ಯಂತ್ರ ನಿಂತಿತು.

“ಬನಿಯನ್ನು ಅಂತ ತಲೆ ಆಡಿಸಿದ್ಯಲ್ಲೋ!”

“ಅಪ್ಪ, ನೀವು... ಗೋಡೆ ಮೇಲಿನ ಕಾಗದ ನೋಡಿ...?”

“ಅದಿರಲಿ. ಅರ್ಧ ಇಂಚು ಸೇರಿಸಿದ್ದು ನೀನೇ ತಾನೆ?”

“ಹೂಂ.”

“ಹಾಗೆ ಬರೀಬೇಕು ಅಂತ ಕಲಿಸಿದ್ದು ನಾನೇ ತಾನೆ?”

“ಹೂಂ.”

“ಸಡಿಲ ಅಂತ ಎಷ್ಟು ಜನ ತಕರಾರು ತೆಗೆದ್ರು?”

“ನೀವೊಬ್ಬರೇ ಅಪ್ಪ. ಮಿಕ್ಕ ಐವತ್ತೊಂಬತ್ತು ಜನಕ್ಕೂ ಏನೂ ಸಡಿಲ ಆಗಿಲ್ಲವಂತೆ.”

ಆ ಕಡೆಯಿಂದ ನಗು ಅದುಮಿಟ್ಟ ದನಿ.

“ಹಾಗಾದ್ರೆ ನೀನು ಅಲ್ಲೇ ಇರು, ಅಂಗಡಿ ಕಡೆ ಬರಬೇಡ. ನಿನ್ನ ಅಳತೆಗೆ ಇಷ್ಟು ಒಳ್ಳೆ ಗಿರಾಕಿಗಳು ಇನ್ನೆಲ್ಲೂ ಸಿಗಲ್ಲ!”