ನೀರು ಕೇಳದ ಎಂಜಿನ್ನು

ಹೊರಡುವುದಕ್ಕೆ ಇನ್ನೊಂದು ಗಂಟೆ ಇದೆ ಎನ್ನುವಾಗ ಟಿಕೆಟ್ ಗುಮಾಸ್ತರು ತಮ್ಮ ವ್ಯಾನಿನ ಹಿಂಭಾಗಕ್ಕೆ ಹೋಗಿ, ಎಂಜಿನ್ನಿನ ಬಾಗಿಲು ಎತ್ತಿ, ಹೆಬ್ಬೆರಳಿನಷ್ಟು ದೊಡ್ಡದಾದ ಒಂದು ತುಣುಕನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡರು. ರೋಟರ್ ಎಂದು ಅದರ ಹೆಸರು. ಅದಿಲ್ಲದೆ ಕಿಡಿ ಹುಟ್ಟದು, ಕಿಡಿ ಹುಟ್ಟದೆ ಎಂಜಿನ್ ಹೊರಡದು. ಇಷ್ಟು ಸಣ್ಣ ಪಾಪವನ್ನು ದೇವರು ಗಮನಿಸಲಾರ ಎಂಬ ಭರವಸೆಯಿಂದ ಅವರು ಕೈ ಒರೆಸಿಕೊಂಡರು.

ವ್ಯಾನಿನ ಮೇಲೆ ಅವರಿಗೆ ಯಾವ ದ್ವೇಷವೂ ಇರಲಿಲ್ಲ. ಹಳೆಯ ಕಾಲದ ವ್ಯಾನು. ಒಳಗೆ ಎರಡು ಹಾಸಿಗೆ, ಒಂದು ಒಲೆ, ಕಿಟಕಿಗೆ ಹೂವಿನ ಪರದೆ. ಎಂಜಿನ್ನು ಬೆನ್ನಿನ ಕಡೆ. ಅದು ಗಾಳಿಯಿಂದಲೇ ತಣ್ಣಗಾಗುವ ಜಾತಿಯದು; ಹುಟ್ಟಿದಾಗಿನಿಂದ ಒಂದು ಹನಿ ನೀರು ಕುಡಿದದ್ದಿಲ್ಲ. ಗುಮಾಸ್ತರಿಗೆ ಬೇಡವಾಗಿದ್ದದ್ದು ಷಡ್ಡಕ.

ಹೆಂಡತಿಯ ಅಕ್ಕನ ಗಂಡನಾದ ಈ ಷಡ್ಡಕರು ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಶಾಲೆ ಅವರನ್ನು ಬಿಟ್ಟಿತ್ತು, ಅವರು ಡ್ರಿಲ್ಲನ್ನು ಬಿಟ್ಟಿರಲಿಲ್ಲ. ಎಲ್ಲಿ ಮಲಗಿದರೂ ಬೆಳಿಗ್ಗೆ ಐದಕ್ಕೆ ಸೀಟಿ. ವರ್ಷಪೂರ್ತಿ ಕಿಂಡಿಯ ಹಿಂದೆ ಕುಳಿತು ಜನರ ಪ್ರಶ್ನೆಗಳಿಗೆ ಉತ್ತರ ಹೇಳಿ ಸೋತ ಗುಮಾಸ್ತರಿಗೆ ನಾಲ್ಕು ದಿನದ ರಜೆ ಸಿಕ್ಕಿತ್ತು. ಆ ನಾಲ್ಕು ದಿನ ಒಂಬತ್ತು ಗಂಟೆಯವರೆಗೆ ನಿದ್ದೆ ಮಾಡುವುದು ಅವರ ಆಸೆ. ಪಕ್ಕದ ಊರಿನಿಂದ ಅಕ್ಕನ ಸಂಸಾರವನ್ನು ಹತ್ತಿಸಿಕೊಂಡು ಕೆರೆಯ ದಂಡೆಗೆ ಹೋಗಿ ಬಿಡಾರ ಹೂಡುವುದು ಹೆಂಡತಿಯ ಆಸೆ. ಮನೆಯಲ್ಲಿ ಯಾರ ಆಸೆ ನಡೆಯುತ್ತಿತ್ತು ಎಂಬುದನ್ನು ಹೇಳಬೇಕಾಗಿಲ್ಲ.

ಹೆಂಡತಿ ಬುಟ್ಟಿ, ಕಂಬಳಿ ಎಲ್ಲ ತಂದು ಒಳಗಿಟ್ಟು ಕುಳಿತರು. ಗುಮಾಸ್ತರು ಕೀಲಿ ತಿರುಗಿಸಿದರು. ಎಂಜಿನ್ನು ಮುದಿ ಮೇಕೆಯ ಹಾಗೆ ಕೆಮ್ಮಿತು, ಅಷ್ಟೆ.

"ಏನಾಯ್ತು?"

"ಗೊತ್ತಿಲ್ಲ ಕಣೇ. ನಿನ್ನೆ ಚೆನ್ನಾಗೇ ಇತ್ತು," ಎಂದು ಗುಮಾಸ್ತರು ಕನಿಕರದ ಮುಖ ಮಾಡಿದರು.

ಎರಡನೆಯ ಕೆಮ್ಮಿಗೇ ಪಕ್ಕದ ಮನೆಯ ಮೇಸ್ತ್ರಿ ಗೋಡೆಯ ಮೇಲೆ ತಲೆ ಎತ್ತಿದರು. ನೀರು ಸರಬರಾಜು ಕಚೇರಿಯಲ್ಲಿ ಪೈಪು ನೋಡಿಕೊಳ್ಳುತ್ತಿದ್ದವರು. ಲೋಕದ ಎಲ್ಲ ಕಷ್ಟಕ್ಕೂ ನೀರಿನ ಕೊರತೆಯೇ ಕಾರಣ ಎಂದು ನಂಬಿದವರು. ಎದುರು ಅಂಗಡಿಯ ದರ್ಜಿಯೂ ಕೊರಳಿಗೆ ಟೇಪು ಹಾಕಿಕೊಂಡೇ ಬಂದ.

"ಎಂಜಿನ್ ಎಲ್ಲಿ ಸಾರ್?" ಎನ್ನುತ್ತ ದರ್ಜಿ ವ್ಯಾನಿನ ಮೂತಿ ತಡವಿದ.

"ಹಿಂದಿದೆಯಪ್ಪ."

"ಹಿಂದಾ? ಮತ್ತೆ ಕೆಡದೆ ಇರುತ್ತಾ? ಯಜಮಾನನ ಬೆನ್ನ ಹಿಂದೆ ಯಾರು ತಾನೇ ಸರಿಯಾಗಿ ಕೆಲಸ ಮಾಡ್ತಾರೆ?"

ಮೇಸ್ತ್ರಿ ಹಿಂದೆ ಹೋಗಿ ಬಗ್ಗಿದರು. "ನೀರು ತುಂಬೋ ರೇಡಿಯೇಟರ್ ಕಾಣ್ತಾ ಇಲ್ಲವಲ್ಲ ರೀ."

ಇದಕ್ಕೆ ನೀರೇ ಬೇಡವೆಂಬ ನಿಜ ವಿವರಿಸಿದರೆ ಹುಡುಕಾಟ ಬೇರೆ ಕಡೆ ತಿರುಗಿ, ಬಯಲಾಗಬಾರದ್ದು ಬಯಲಾದೀತೆಂದು ಗುಮಾಸ್ತರಿಗೆ ಅಳುಕು. "ಇರಬೇಕು, ಅಲ್ಲೇ ಎಲ್ಲೋ. ನಿಧಾನವಾಗಿ ನೋಡಿ," ಎಂದುಬಿಟ್ಟರು.

ಅರ್ಧ ಗಂಟೆ ಹೀಗೆ ಕಳೆಯಿತು. ದರ್ಜಿ ಸಿಕ್ಕ ತಂತಿಯನ್ನೆಲ್ಲ ಎಳೆದು ನೋಡಿ, "ಹೊಲಿಗೆ ಎಲ್ಲ ಗಟ್ಟಿಯಾಗಿದೆ," ಎಂದ. ಗುಮಾಸ್ತರು ಸ್ಪ್ಯಾನರ್ ಹಿಡಿದು ಯಾವುದನ್ನೂ ತಿರುಗಿಸದೆ ಬೆವರಿದರು. ಕೊನೆಗೆ ಹೆಂಡತಿ ನಿಟ್ಟುಸಿರು ಬಿಟ್ಟು, "ಅಕ್ಕನಿಗೆ ಫೋನ್ ಮಾಡ್ತೀನಿ. ಪಾಪ, ಕಾಯ್ತಿರ್ತಾರೆ," ಎಂದು ಒಳಗೆ ಹೋದರು. ಪ್ರವಾಸದ ಅಂತ್ಯಕ್ರಿಯೆಯನ್ನು ಕಿವಿಯಾರೆ ಕೇಳೋಣವೆಂದು ಗುಮಾಸ್ತರೂ ಹಿಂದೆಯೇ ಹೋದರು.

"ಹೌದಕ್ಕ, ಕೆಟ್ಟು ಕೂತಿದೆ," ಎನ್ನುತ್ತಿದ್ದರು ಹೆಂಡತಿ. "ಹಾಂ... ಹಾಂ... ಅಯ್ಯೋ, ಅದಕ್ಕೇನಂತೆ, ಧಾರಾಳವಾಗಿ ಬನ್ನಿ." ಫೋನಿಟ್ಟು ಗಂಡನ ಕಡೆ ತಿರುಗಿದರು. "ಅವರೇ ಇಲ್ಲಿಗೆ ಬರ್ತಾರಂತೆ. ಮಧ್ಯಾಹ್ನದ ಬಸ್ಸಿಗೆ. ಎಂಟು ದಿನ ಇರ್ತಾರಂತೆ."

"ಎಂಟಾ? ಕೆರೆಗೆ ನಾಲ್ಕೇ ಅಂದಿದ್ದರಲ್ಲ?"

"ಅದು ಬಯಲಲ್ಲಿ ಇರೋದು, ಅದಕ್ಕೆ ನಾಲ್ಕು. ಮನೆ ಅಂದ ಮೇಲೆ ಆರಾಮವಾಗಿ ಇರಬಹುದಲ್ಲ ಅಂದರು ಭಾವ."

ಗುಮಾಸ್ತರು ಹೊಸ್ತಿಲು ದಾಟಿದ್ದನ್ನು ಅವರ ಕಾಲುಗಳೇ ಬಲ್ಲವು. ಅವರ ಪುಣ್ಯಕ್ಕೆ ಮೇಸ್ತ್ರಿ ಮನೆಗೆ ಹೋಗಿದ್ದರು. ಅಂಗಡಿಗೆ ಗಿರಾಕಿ ಬಂದು ದರ್ಜಿಯೂ ಹೋಗಿದ್ದ. ಜೇಬಿನ ರೋಟರನ್ನು ಅದರ ಜಾಗಕ್ಕೆ ಕೂರಿಸಿ, ಮುಚ್ಚಳ ಹಾಕಿ, ಓಡಿ ಬಂದು ಚಾಲಕನ ಸೀಟಿನಲ್ಲಿ ಕುಳಿತರು. ಬೆಳಿಗ್ಗೆ ಗಮನಿಸಲಾರ ಎಂದುಕೊಂಡಿದ್ದ ಅದೇ ದೇವರನ್ನು ಈಗ ಹೊರಡಿಸಪ್ಪಾ ಎಂದು ಬೇಡಿದರು.

ಕೀಲಿ ತಿರುಗಿತು. ಎಂಜಿನ್ನು ಹತ್ತಿಕೊಂಡಿತು.

"ಬಾರೇ ಬೇಗ, ಸರಿಹೋಯ್ತು. ಅವರು ಬಸ್ಸು ಹತ್ತೋದರೊಳಗೆ ನಾವೇ ಹೋಗಿಬಿಡೋಣ," ಎಂದು ಗುಮಾಸ್ತರು ಕೂಗುತ್ತಿರುವಾಗಲೇ ಹಿಂದಿನಿಂದ ಯಾರೋ ಗಂಟಲು ಮುಕ್ಕಳಿಸಿದಂತೆ ಸದ್ದಾಯಿತು. ವ್ಯಾನು ನಾಲ್ಕು ಸಲ ಕುಲುಕಿತು. ಆಮೇಲೆ ನಿಶ್ಶಬ್ದ. ಇಳಿದು ನೋಡಿದರೆ ಎಂಜಿನ್ನಿನ ಕೆಳಗಿನಿಂದ ಹಾಲು ಹೆಚ್ಚಾದ ಕಾಫಿಯಂಥದೇನೋ ತೊಟ್ಟಿಕ್ಕುತ್ತಿತ್ತು.

ಅಷ್ಟರಲ್ಲಿ ಮೇಸ್ತ್ರಿ ಖಾಲಿ ಕ್ಯಾನು ಹಿಡಿದು ಬಂದರು. ಮುಖದಲ್ಲಿ ಗೆದ್ದ ಕಳೆ.

"ಹೊರಟಿತಲ್ಲ? ನಾನು ಆಗಲೇ ಅಂದುಕೊಂಡೆ. ಆ ಮೂಲೆಯಲ್ಲಿ ಒಂದು ಮುಚ್ಚಳ ಇತ್ತು ನೋಡಿ, ತೆಗೆದೆ. ಬಗ್ಗಿ ನೋಡಿದರೆ ಬರೀ ಕಪ್ಪು, ಎಣ್ಣೆ ಜಿಡ್ಡು. ಒಂದು ಹನಿ ನೀರಿಲ್ಲ. ಎಷ್ಟು ವರ್ಷದಿಂದ ಹೀಗೆ ಒಣಗಿಸಿ ಓಡಿಸ್ತಾ ಇದ್ದಿರಿ ಸ್ವಾಮಿ? ಒಂದು ಕ್ಯಾನು ನೀರು ಪೂರ್ತಿ ಹಿಡೀತು. ಇನ್ನೊಂದು ತರಲಾ?"

ಅದು ಎಂಜಿನ್ನಿಗೆ ಎಣ್ಣೆ ಹಾಕುವ ಬಾಯಿಯ ಮುಚ್ಚಳವೆಂದು ಗುಮಾಸ್ತರಿಗೆ ಹೊಳೆಯಿತು. ಹುಡುಕಿ ನೋಡಿ ಎಂದು ಅನುಮತಿ ಕೊಟ್ಟವರು ತಾವೇ.

ಮಧ್ಯಾಹ್ನದ ಬಸ್ಸು ಎಂದೂ ಇಲ್ಲದಂತೆ ಹೊತ್ತಿಗೆ ಸರಿಯಾಗಿ ಬಂದಿತು. ಷಡ್ಡಕರು ಹೆಂಡತಿ ಮಕ್ಕಳ ಸಮೇತ ಇಳಿದು, ಮನೆಯನ್ನು ಒಂದು ಸುತ್ತು ಹಾಕಿ, ಕೋಣೆಗಳನ್ನು ಎಣಿಸಿ, ಅಂಗಳದಲ್ಲಿ ನಿಂತಿದ್ದ ವ್ಯಾನಿನ ಒಳಗೆ ಇಣುಕಿದರು. ಪರದೆ ಸರಿಸಿದರು. ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿದರು.

"ಮನೆ ಚಿಕ್ಕದಾಯ್ತು," ಎಂದರು. "ಹೆಂಗಸರು, ಮಕ್ಕಳು ಒಳಗೆ ಮಲಗಲಿ. ಇಲ್ಲಿ ಎರಡೇ ಹಾಸಿಗೆ, ನೀವು, ನಾನು. ಎಂಟು ದಿನ ಇಲ್ಲೇ ಬಿಡಾರ. ಹೇಗೂ ಬೆಳಿಗ್ಗೆಯಿಂದ ನೀವು ಈ ಗಾಡಿ ಬಿಟ್ಟು ಕದಲಿಲ್ಲವಂತೆ."

ಹಾಗೆ ಹೇಳಿ ಷಡ್ಡಕರು ಕೊರಳಿನ ಸೀಟಿ ತೆಗೆದು, ಗುಮಾಸ್ತರ ತಲೆದಿಂಬಿಗೆ ಸರಿಯಾಗಿ ಮೇಲಿದ್ದ ಮೊಳೆಗೆ ನೇತುಹಾಕಿದರು.